ಮಣೆ ಮಣಿಯದು: ಮರದ ಸೀಟಿನ ಮೇಲೆ ಶ್ಲೇಷೆ ಕೂರಿಸುವ ಬಗೆ

ಸೈಕಲ್ಲಿಗೆ ಮರದ ಸೀಟು ಹಾಕಿದವರಿಗೆ ಎರಡು ತೊಂದರೆ ಕಾದಿರುತ್ತವೆ. ಒಂದು ಅದರ ಮೇಲೆ ಕೂತಾಗ. ಇನ್ನೊಂದು ಅದರ ಬಗ್ಗೆ ತಮಾಷೆಯ ಒಂದು ಸಾಲು ಬರೆಯಲು ಹೊರಟಾಗ. ಮೊದಲನೆಯದಕ್ಕೆ ಅಳತೆಪಟ್ಟಿ, ಉಳಿ, ಉಪ್ಪುಕಾಗದಗಳಲ್ಲಿ ಪರಿಹಾರ ಸಿಗುತ್ತದೆ. ಎರಡನೆಯದು ಅಷ್ಟು ಸುಲಭವಲ್ಲ. ಹವ್ಯಾಸಿ ಬಡಗಿಗೆ ತಾನು ಕೆತ್ತಿದ ಸೀಟಿನ ಫೋಟೊ ಕೆಳಗೆ ಒಂದು ಸಾಲು ಬೇಕಾಗುತ್ತದೆ, ಕಾಲೇಜಿನ ಹುಡುಗರಿಗೆ ಪ್ರದರ್ಶನದ ಮಳಿಗೆಗೊಂದು ಫಲಕ, ಸೈಕಲ್ ಗೆಳೆಯರಿಗೆ ಉಡುಗೊರೆಯ ಜತೆಗಿಡಲು ಒಂದು ಚೀಟಿ. ಇಷ್ಟು ವಿಚಿತ್ರವಾದ ವಸ್ತು ಎದುರಿಗಿದ್ದರೂ ಬರೆದದ್ದು ನಗು ತರುವುದಿಲ್ಲ; ‘ಅಂದರೇನು?’ ಎಂಬ ಪ್ರಶ್ನೆ ತರುತ್ತದೆ. ಆಮೇಲೆ ಬಿಡಿಸಿ ಹೇಳಬೇಕು. ಬಿಡಿಸಿ ಹೇಳಿದ ಶ್ಲೇಷೆ ಸಿಪ್ಪೆ ಸುಲಿದಿಟ್ಟ ಬಾಳೆಹಣ್ಣಿನ ಹಾಗೆ, ನೋಡನೋಡುತ್ತ ಕಪ್ಪಾಗುತ್ತದೆ.

ಸಾಲು ಸೋಲುವುದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ. ಪದಕ್ಕೆ ಎರಡು ಅರ್ಥ ಇರುತ್ತದೆ, ಆದರೆ ಅವುಗಳಲ್ಲಿ ಒಂದು ಮಾತ್ರ ಸೀಟಿನ ಮೇಲೆ ಕೂತಿರುತ್ತದೆ. ಇನ್ನೊಂದು ಕ್ಯಾರಿಯರ್ ಹಿಡಿದು ಹಿಂದೆ ಓಡಿಬರುತ್ತಿರುತ್ತದೆ.

ಅಂಟು ಮತ್ತು ಎಳೆ

‘ಶ್ಲೇಷೆ’ ಎಂಬ ಪದದ ಮೂಲಾರ್ಥವೇ ಅಂಟಿಕೊಳ್ಳುವುದು, ತಬ್ಬಿಕೊಳ್ಳುವುದು. ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಅಂಟಿಕೊಂಡಿದ್ದರೆ ಅದು ಶ್ಲೇಷೆ. ಬಡಗಿಯ ಕಣ್ಣಿನಿಂದ ನೋಡಿದರೆ ಇದು ಗೋಂದಿನ ಕೆಲಸ. ಪ್ಲೈವುಡ್ ಹಾಳೆಯಲ್ಲಿ ತೆಳುವಾದ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿರುತ್ತಾರೆ. ಎಲ್ಲ ಪದರಗಳ ಎಳೆ ಒಂದೇ ದಿಕ್ಕಿಗಿದ್ದರೆ ಹಾಳೆ ಆ ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ. ಶ್ಲೇಷೆಯೂ ಹೀಗೆಯೇ. ಎರಡು ಅರ್ಥಗಳು ಒಂದೇ ದಿಕ್ಕಿಗೆ ಮಲಗಿದ್ದರೆ ಅದರಲ್ಲಿ ಬಲವಿಲ್ಲ. ‘ಮರ’ ಎಂದರೆ ನಿಂತ ಮರವೂ ಹೌದು, ಕೊಯ್ದ ಮರವೂ ಹೌದು. ಈ ಎರಡನ್ನು ಜೋಡಿಸಿ ಯಾರನ್ನೂ ನಗಿಸಲಾಗದು. ‘ಸೀಟು ಗಟ್ಟಿಯಾಯಿತು’ ಎಂದಾಗ ಮಾತ್ರ ಒಂದು ಪದರ ಸೈಕಲ್ಲಿನದು, ಇನ್ನೊಂದು ಸಿಇಟಿ ಕೌನ್ಸೆಲಿಂಗಿನದು ಅಥವಾ ಚುನಾವಣೆಯದು. ಎಳೆ ಅಡ್ಡಬಿತ್ತು, ಹಾಳೆ ನಿಂತಿತು.

ಆಲಂಕಾರಿಕರು ಇದನ್ನು ಎರಡು ಬಗೆಯಾಗಿ ಎಣಿಸಿದ್ದಾರೆ. ಪದವನ್ನು ಒಡೆಯದೆ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ. ‘ಸೀಟು ಗಟ್ಟಿ’ ಈ ಜಾತಿಯದು. ಪದವನ್ನು ಒಡೆದಾಗ ಇನ್ನೊಂದು ಅರ್ಥ ಹೊರಬಿದ್ದರೆ ಸಭಂಗ ಶ್ಲೇಷೆ. ‘ನೇರಳೆ’ ಎಂಬುದನ್ನು ‘ನೇರ ಅಳೆ’ ಎಂದು ಒಡೆಯಬಹುದು. ಸೀಟು ಕೆತ್ತುವವನಿಗೆ ಕೊಡಬೇಕಾದ ಮೊದಲ ಸಲಹೆಯೂ ಅದೇ ಆಗಿರುವುದು ಕನ್ನಡದ ಪುಣ್ಯ. ಇವೆರಡಕ್ಕೂ ಸೇರದ ಮೂರನೆಯದೊಂದು ಇದೆ: ಸದ್ದು ಮಾತ್ರ ಹತ್ತಿರ, ಅರ್ಥ ಬೇರೆ. ‘ಸವರಿದ ಮೇಲೆ ಸವಾರಿ’ ಎನ್ನುವುದು ಶ್ಲೇಷೆಯಲ್ಲ, ಅನುಪ್ರಾಸ. ನಗೆಗೆ ಇದೂ ಸಾಕು, ಆದರೆ ಇದರ ಆಯಸ್ಸು ಕಡಿಮೆ.

ಈ ಆಟಕ್ಕೆ ಕನ್ನಡದಲ್ಲಿ ವಯಸ್ಸಾಗಿದೆ. 9ನೆಯ ಶತಮಾನದ ಕವಿರಾಜಮಾರ್ಗ ದಂಡಿಯ ದಾರಿ ಹಿಡಿದು ಅಲಂಕಾರಗಳನ್ನು ಚರ್ಚಿಸುತ್ತದೆ. 20ನೆಯ ಶತಮಾನದಲ್ಲಿ ಅದೇ ಚಪಲ ಆಸ್ಥಾನ ಬಿಟ್ಟು ಬೀದಿಗೆ ಬಂತು: ಟಿ.ಪಿ. ಕೈಲಾಸಂ ಅವರ ನಾಟಕಗಳು, ಪದಗಳಿಗೆ ಸಲ್ಲದ ಅರ್ಥಗಳನ್ನೇ ಕಟ್ಟಿಕೊಟ್ಟ ನಾ. ಕಸ್ತೂರಿಯವರ ‘ಅನರ್ಥಕೋಶ’, 1942ರಲ್ಲಿ ರಾಶಿ ಅವರು ಆರಂಭಿಸಿದ ‘ಕೊರವಂಜಿ’ ಪತ್ರಿಕೆ, ಬೀಚಿಯವರ ತಿಂಮ. ಪೀಠಿಕೆ ಪೀಠಕ್ಕಿಂತ ಉದ್ದವಾಗಬಾರದು, ಇಷ್ಟು ಸಾಕು.

ಮೊದಲು ಸೀಟನ್ನು ಅರಿಯಬೇಕು

ಒಳ್ಳೆಯ ಸಾಲು ನಿಘಂಟಿನಿಂದ ಹುಟ್ಟುವುದು ಅಪರೂಪ. ಅದು ವಸ್ತುವಿನಿಂದ ಹುಟ್ಟುತ್ತದೆ. ಆದ್ದರಿಂದ ಮರದ ಸೀಟು ಏಕೆ ವಿಚಿತ್ರ ಎಂಬುದು ಬರೆಯುವವನಿಗೆ ಗೊತ್ತಿರಬೇಕು.

ಸೈಕಲ್ಲಿನ ಹುಟ್ಟೇ ಮರದಲ್ಲಿ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಪೆಡಲ್ ಇಲ್ಲದ ಎರಡು ಚಕ್ರದ ಗಾಡಿಯ ಚೌಕಟ್ಟು, ಚಕ್ರ ಎಲ್ಲ ಮರದವೇ. ಸವಾರ ಕೂರುವ ಜಾಗಕ್ಕೆ ಮಾತ್ರ ಆಗಲೇ ಮೆತ್ತೆ ಬಂದಿತ್ತು. ಎಲ್ಲವೂ ಮರವಾಗಿದ್ದ ಕಾಲದಲ್ಲೂ ಸೀಟು ಮರದ್ದಾಗಿರಲಿಲ್ಲ ಎನ್ನುವುದರಲ್ಲೇ ಒಂದು ಹಾಸ್ಯವಿದೆ. 1882ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬೌಲ್ಟ್‌ಬಿ ಬ್ರೂಕ್ಸ್ ಚರ್ಮದ ಸೀಟಿಗೆ ಪೇಟೆಂಟ್ ಪಡೆಯಲು ಅರ್ಜಿ ಹಾಕಿದ. ಹಿಂದೆ ಮುಂದೆ ಬಿಗಿದ ದಪ್ಪ ಚರ್ಮ ತೂಗುಮಂಚದ ಹಾಗೆ ಜೋತು ಸವಾರನ ಭಾರ ಹೊರುತ್ತದೆ. ನೂರಾರು ಕಿಲೋಮೀಟರ್ ಓಡಿದ ಮೇಲೆ ಅವನ ಆಕಾರವನ್ನೇ ಪಡೆಯುತ್ತದೆ. ನಮ್ಮ ಊರುಗಳ ಹಳೆಯ ಕರಿ ಸೈಕಲ್ಲುಗಳ ಸ್ಪ್ರಿಂಗ್ ಸೀಟು ಇದೇ ವಂಶದ್ದು.

ಮರ ಹೀಗೆ ಒಗ್ಗಿಕೊಳ್ಳುವುದಿಲ್ಲ. ಚರ್ಮ ಸವಾರನ ಆಕಾರಕ್ಕೆ ಬರುತ್ತದೆ. ಮರದ ಮೇಲೆ ಸವಾರನೇ ಸೀಟಿನ ಆಕಾರಕ್ಕೆ ಬರಬೇಕು. ಹಾಗಾಗಿ ಮರದ ಸೀಟಿನಲ್ಲಿ ಆಕಾರ ಮೊದಲ ದಿನವೇ ಸರಿಯಾಗಿರಬೇಕು. ಕೂತಾಗ ಭಾರ ಬೀಳುವುದು ಸೊಂಟದ ಕೆಳಗಿನ ಎರಡು ಮೂಳೆಗಳ ಮೇಲೆ. ಅವುಗಳ ನಡುವಿನ ದೂರ ಹೆಚ್ಚಿನವರಲ್ಲಿ 10ರಿಂದ 14 ಸೆಂಟಿಮೀಟರ್. ರಟ್ಟಿನ ಹಾಳೆಯ ಮೇಲೆ ಗಟ್ಟಿಯಾಗಿ ಕೂತು ಎದ್ದರೆ ಎರಡು ಗುಳಿ ಬೀಳುತ್ತವೆ. ಗುಳಿಯ ನಡುವಿನಿಂದ ನಡುವಿಗೆ ಅಳೆದು, ಅದಕ್ಕೆ ಎರಡು ಮೂರು ಸೆಂಟಿಮೀಟರ್ ಸೇರಿಸಿ ಸೀಟಿನ ಅಗಲ ಇಡುತ್ತಾರೆ. ಕೆತ್ತುವಾಗ ಅಲ್ಲಿ ತೀರ ತೆಳುವಾದ ಎರಡು ಗುಳಿ, ನಡುವೆ ಉದ್ದಕ್ಕೆ ಒಂದು ಸೀಳು. ಆ ಸೀಳು ಅಲಂಕಾರಕ್ಕಲ್ಲ. ಮೂಳೆಗಳ ನಡುವಿನ ಮೆತ್ತನೆಯ ಭಾಗದಲ್ಲಿ ಹಾದುಹೋಗುವ ನರ ಅದುಮಿ ಹೋಗಬಾರದು ಎಂಬ ಕಾರಣಕ್ಕೆ.

ಅಡಿಯಲ್ಲಿ ಸುಮಾರು 7 ಮಿಲಿಮೀಟರ್ ದಪ್ಪದ ಎರಡು ಕಂಬಿಗಳು. ಸೀಟ್ ಪೈಪಿನ ಕ್ಲಾಂಪ್ ಹಿಡಿಯುವುದು ಅವನ್ನೇ. ತೇಗದಲ್ಲಿ ಇಡಿಯಾಗಿ ಕೆತ್ತಿದರೆ ಮರದ ಭಾಗವೇ ಅರ್ಧ ಕಿಲೋ ಹತ್ತಿರ ತೂಗುತ್ತದೆ, ರೇಸಿನ ಸೀಟಿಗೆ ಹೋಲಿಸಿದರೆ ಹೊರೆಯೇ. ತೇಗದಲ್ಲಿ ಸಹಜವಾದ ಎಣ್ಣೆ ಇರುವುದರಿಂದ ಮಳೆಗೆ ಬೇಗ ಕೆಡದು, ಬೀಟೆ ಅದಕ್ಕಿಂತ ಭಾರ, ನೇರಳೆ ನೀರಿನಲ್ಲೂ ಬಾಳುವ ಮರ ಎಂದು ಬಾವಿಯ ತಳಕ್ಕೆ ಹಾಕುವುದುಂಟು.

ಬರೆಯುವ ಕ್ರಮ

1. ಪದಗಳ ಎರಡು ಪಟ್ಟಿ ಮಾಡಿಕೊಳ್ಳಬೇಕು. ಒಂದರಲ್ಲಿ ಕೂರುವುದಕ್ಕೆ ಸಂಬಂಧಿಸಿದವು: ಸೀಟು, ಮಣೆ, ಪೀಠ, ಆಸನ, ಗದ್ದುಗೆ, ಜೀನು, ಹಲ್ಲಣ, ಸವಾರಿ. ಇನ್ನೊಂದರಲ್ಲಿ ಮರ ಮತ್ತು ಬಡಗಿಯ ಕೆಲಸದವು: ಮರ, ಎಳೆ, ಗಂಟು, ಉಳಿ, ಕೀಸುಳಿ, ಮೊಳೆ, ಅರಗು, ಸಿಬಿರು, ತೇಗ, ಸಾಗುವಾನಿ, ನೇರಳೆ, ಬೀಟೆ. ಸಂಸ್ಕೃತ, ಇಂಗ್ಲಿಷ್, ಉರ್ದು ಎಂದು ಭೇದ ಮಾಡಬೇಕಿಲ್ಲ. ಜನರ ಬಾಯಲ್ಲಿ ಇದ್ದರೆ ಸಾಕು.

2. ಪ್ರತಿಯೊಂದು ಪದದ ಮುಂದೆ ಸೈಕಲ್ಲಿಗೆ ಸಂಬಂಧವೇ ಇಲ್ಲದ ಅರ್ಥವನ್ನು ಬರೆಯಬೇಕು. ‘ಮಣೆ’ ಇಲ್ಲಿ ಚಿನ್ನದ ಗಣಿ. ಮಣೆ ಹಾಕುವುದು ಎಂದರೆ ಮನ್ನಣೆ ಕೊಡುವುದು. ಹಸೆಮಣೆ ಏರುವುದು ಎಂದರೆ ಮದುವೆಯಾಗುವುದು. ಅಳಗುಳಿಮಣೆಯಲ್ಲಿ ಹದಿನಾಲ್ಕು ಗುಳಿ, ಮರದ ಸೀಟಿನಲ್ಲಿ ಎರಡು. ‘ಉಳಿ’ ಎಂದರೆ ಬಡಗಿಯ ಆಯುಧ, ಜತೆಗೆ ಮಿಕ್ಕು ಎಂಬ ಅರ್ಥದ ಕ್ರಿಯಾಪದ. ‘ಅರಗು’ ಮರಕ್ಕೆ ಹಚ್ಚುವುದೂ ಹೌದು, ಹೊಟ್ಟೆಯಲ್ಲಿ ಆಗುವುದೂ ಹೌದು. ‘ಜೀನು’ ಕುದುರೆಯ ಬೆನ್ನಿನದು. ‘ಜೀನ’ ಉತ್ತರ ಕರ್ನಾಟಕದಲ್ಲಿ ಜಿಪುಣ.

3. ಎರಡೂ ಅರ್ಥ ಸೀಟಿನ ವಿಷಯದಲ್ಲಿ ನಿಜವೇ ಎಂದು ಪರೀಕ್ಷಿಸಬೇಕು. ಈ ಕ್ರಮದಲ್ಲಿ ಹೆಚ್ಚು ಹೊತ್ತು ಬೇಡುವ ಹಂತ ಇದೇ, ಅವಸರದಲ್ಲಿ ಹೆಚ್ಚಿನವರು ಬಿಡುವ ಹಂತವೂ ಇದೇ. ‘ಮಣೆ ಮಣಿಯದು’ ಎಂಬುದನ್ನು ತೆಗೆದುಕೊಂಡರೆ, ಮರದ ಸೀಟು ನಿಜಕ್ಕೂ ಬಗ್ಗುವುದಿಲ್ಲ, ಸಾಲು ಸತ್ಯ. ‘ಮೆತ್ತೆಗೂ ಕಾಸು ಬಿಚ್ಚದ ಜೀನನ ಜೀನು’ ಎಂದರೆ, ಮೆತ್ತೆ ನಿಜಕ್ಕೂ ಇಲ್ಲ, ಸಾಲು ನಿಲ್ಲುತ್ತದೆ. ‘ಬೀಟೆಯ ಮೇಲೆ ಕೂತು ಬೇಟೆಗೆ’ ಎಂದರೆ ಬೇಟೆ ಎಲ್ಲಿಂದ ಬಂತು? ಸದ್ದಿನ ಆಸೆಗೆ ಕರೆತಂದ ಅತಿಥಿ ಅದು.

4. ವಿಭಕ್ತಿ ನೋಡಬೇಕು. ಕನ್ನಡದಲ್ಲಿ ಶ್ಲೇಷೆಯ ಗುಟ್ಟನ್ನು ಬಯಲು ಮಾಡುವುದು ಪ್ರತ್ಯಯ. ‘ತೇಗ’ ಮರ, ‘ತೇಗು’ ಊಟವಾದ ಮೇಲೆ ಬರುವುದು. ‘ತೇಗದ’ ಎಂದರೆ ಮರದ್ದು ಮಾತ್ರ, ‘ತೇಗಿನ’ ಎಂದರೆ ಹೊಟ್ಟೆಯದು ಮಾತ್ರ. ‘ಉಳಿಯನ್ನು’ ಎಂದ ಕೂಡಲೇ ಕ್ರಿಯಾಪದ ಸತ್ತಿತು, ‘ಉಳಿದರು’ ಎಂದ ಕೂಡಲೇ ಬಡಗಿಯ ಉಳಿ ಸತ್ತಿತು. ಇದಕ್ಕೆ ದಾರಿ ಎರಡು. ಪ್ರತ್ಯಯ ಕಾಣದ ಸಮಾಸದಲ್ಲಿ ಪದವನ್ನು ಅಡಗಿಸುವುದು ಒಂದು. ಎರಡೂ ರೂಪಗಳನ್ನು ಪಕ್ಕಪಕ್ಕದಲ್ಲೇ ಬಹಿರಂಗವಾಗಿ ಕೂರಿಸುವುದು ಇನ್ನೊಂದು. ‘ಉಳಿಯಿಂದ ಉಳಿದದ್ದೇ ಸೀಟು’ ಎಂಬ ಸಾಲು ಎರಡನೆಯ ದಾರಿ ಹಿಡಿದಿದೆ. ಇಡಿ ತುಂಡಿನಿಂದ ಬೇಡದ್ದನ್ನು ಕೆತ್ತಿ ತೆಗೆದ ಮೇಲೆ ಮಿಕ್ಕದ್ದೇ ಸೀಟಾದ್ದರಿಂದ ಅದು ಬಡಗಿಯ ಕೆಲಸದ ವಿವರಣೆಯೂ ಆಗಿದೆ.

5. ತಿರುವು ಕೊಡುವ ಪದವನ್ನು ಸಾಲಿನ ಕೊನೆಯ ಕಡೆಗೆ ತಳ್ಳಬೇಕು. ಕನ್ನಡ ವಾಕ್ಯ ತನ್ನ ಭಾರದ ಹೆಚ್ಚಿನ ಪಾಲನ್ನು ಕೊನೆಯ ಕ್ರಿಯಾಪದದ ಮೇಲೆ ಹಾಕುತ್ತದೆ, ಸವಾರ ಹಿಂದಿನ ಚಕ್ರದ ಮೇಲೆ ಹಾಕುವ ಹಾಗೆ. ‘ಮರಗಟ್ಟುತ್ತದೆ ಈ ಸೀಟಿನ ಮೇಲೆ ಕೂತವರಿಗೆ’ ಎಂದು ಬರೆದರೆ ನಗು ಮೊದಲೇ ಮುಗಿದು, ಉಳಿದ ಸಾಲು ತಳ್ಳಿಕೊಂಡು ಹೋಗಬೇಕಾದ ಪಂಕ್ಚರ್ ಸೈಕಲ್ ಆಗುತ್ತದೆ.

6. ಒಂದು ಸಾಲಿಗೆ ಒಂದೇ ಶ್ಲೇಷೆ. ಎರಡು ತಾವಾಗಿ ಒಂದೇ ವಿಷಯದಲ್ಲಿ ಬಂದು ಸೇರಿದರೆ ಮಾತ್ರ ವಿನಾಯಿತಿ. ತೇಗದ ಸೀಟಿಗೆ ಅರಗಿನ ಪಾಲಿಶ್ ಕೊಟ್ಟ ಬಡಗಿಯ ಫಲಕಕ್ಕೆ ಇದನ್ನು ಬರೆಯಬಹುದು: ‘ತೇಗ ಮೊದಲು, ಅರಗು ಆಮೇಲೆ, ಊಟದಲ್ಲೂ ಬಡಗಿತನದಲ್ಲೂ ಕ್ರಮ ಒಂದೇ.’ ಇಲ್ಲಿ ‘ತೇಗ’ ಸದ್ದಿನಿಂದಲೇ ‘ತೇಗು’ ನೆನಪಿಸುವುದರಿಂದ ಎರಡೂ ಪದ ಊಟದ ಪಂಕ್ತಿಯಲ್ಲೇ ಕೂತಿವೆ, ಎರಡೂ ಬಡಗಿಯ ಕೊಟ್ಟಿಗೆಯಲ್ಲೂ ಇವೆ, ಕ್ರಮವೂ ಎರಡೂ ಕಡೆ ಸರಿ. ಇಂಥದ್ದು ಹುಡುಕಿದರೆ ಸಿಗುವುದಿಲ್ಲ. ಪಟ್ಟಿ ಮಾಡಿಟ್ಟವರಿಗೆ ಎಂದಾದರೊಮ್ಮೆ ಕಾಣಿಸುತ್ತದೆ.

ಮರಗಟ್ಟು: ಒಂದು ಪದದ ಪೂರ್ಣ ಪರೀಕ್ಷೆ

ಮರದ ಸೀಟಿಗೆ ಕನ್ನಡ ಕೊಟ್ಟಿರುವ ಅತ್ಯುತ್ತಮ ಪದ ಬಹುಶಃ ‘ಮರಗಟ್ಟು’. ಜೋಮು ಹಿಡಿದು ಸ್ಪರ್ಶ ತಿಳಿಯದಂತಾಗುವುದು ಇದರ ರೂಢಿಯ ಅರ್ಥ. ಒಡೆದರೆ ಮರವಾಗಿ ಗಟ್ಟಿಯಾಗುವುದು. ಕಾಲು ಮರಗಟ್ಟಿತು ಎನ್ನುವಾಗ ಯಾರಿಗೂ ಮರ ನೆನಪಾಗುವುದಿಲ್ಲ. ಅಷ್ಟು ದಿನದಿಂದ ಆ ಮರ ಪದದೊಳಗೆ ಮಲಗಿದೆ. ಮರದ ಸೀಟಿನ ಪಕ್ಕದಲ್ಲಿ ಆ ಪದವನ್ನಿಟ್ಟರೆ ಸಾಕು, ತಾನಾಗಿ ಎದ್ದು ಕೂರುತ್ತದೆ. ಸತ್ತ ರೂಪಕವನ್ನು ಎಬ್ಬಿಸುವ ಶ್ಲೇಷೆ ಹೊಸದಾಗಿ ಕಟ್ಟಿದ ಶ್ಲೇಷೆಗಿಂತ ಯಾವಾಗಲೂ ಮೇಲು, ಏಕೆಂದರೆ ಓದುಗನಿಗೆ ಹೊಸದೇನನ್ನೂ ಕಲಿಸಬೇಕಿಲ್ಲ.

ಮೂರನೆಯ ಹಂತದ ಪರೀಕ್ಷೆಯಲ್ಲೂ ಇದು ಗೆಲ್ಲುತ್ತದೆ. ನಡುವೆ ಸೀಳಿಲ್ಲದ, ಅಗಲ ಹೊಂದದ ಗಟ್ಟಿ ಸೀಟಿನ ಮೇಲೆ ಹೆಚ್ಚು ಹೊತ್ತು ಕೂತರೆ ನರ ಅದುಮಿ ಜೋಮು ಹಿಡಿಯುವುದು ವಾಸ್ತವ. ಅಂದರೆ ಸೀಟೂ ಮರ, ಕೂತವನೂ ಕೊಂಚ ಹೊತ್ತಿನಲ್ಲಿ ಮರ. ವಿಭಕ್ತಿಯ ತೊಡಕೂ ಇಲ್ಲ, ಏಕೆಂದರೆ ಮರ ಸಮಾಸದೊಳಗೆ ಅಡಗಿದೆ: ಮರಗಟ್ಟಿತು, ಮರಗಟ್ಟಿದ, ಮರಗಟ್ಟುವ, ಯಾವ ರೂಪದಲ್ಲೂ ಎರಡು ಅರ್ಥ ಜೀವಂತ.

ಇದನ್ನು ಬಳಸಿ ಬರೆದ ಮೂರು ಸಾಲುಗಳನ್ನು ಹೋಲಿಸಬಹುದು.

‘ಈ ಸೀಟು ಮರದ್ದು, ಆದ್ದರಿಂದ ಇದರ ಮೇಲೆ ಕೂತರೆ ಮರಗಟ್ಟುತ್ತದೆ.’ ಇದು ವಿವರಣೆ. ‘ಆದ್ದರಿಂದ’ ಎಂಬ ಪದ ಓದುಗ ತಾನೇ ಜಿಗಿಯಬೇಕಾಗಿದ್ದ ಕಾಲುವೆಗೆ ಸೇತುವೆ ಕಟ್ಟಿಬಿಟ್ಟಿದೆ.

‘ಮರದ ಸೀಟು: ಹತ್ತು ಕಿಲೋಮೀಟರ್ ಆದ ಮೇಲೆ ಸವಾರನೂ ಮರಗಟ್ಟುತ್ತಾನೆ.’ ಇದು ಉತ್ತಮ. ಆ ‘ಊ’ಕಾರವೊಂದರಲ್ಲೇ ಎಲ್ಲ ಕೆಲಸ ನಡೆದಿದೆ: ಸೀಟಿನ ಜತೆ ಸವಾರನೂ.

‘ಮರಗಟ್ಟಿದ ಸೀಟು ಮಾರಾಟಕ್ಕಿದೆ.’ ಇದು ಅತಿ ಚಿಕ್ಕದು, ನೋಡಿದವರು ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಫಲಕಕ್ಕೆ ಒಪ್ಪುತ್ತದೆ. ಆದರೆ ಕೊಳ್ಳುವವರ ಮನಸ್ಸಿನಲ್ಲಿ ಜೋಮಿನ ಭಯ ಬಿತ್ತಿ ಸೀಟು ಮಾರುವುದು ಎಷ್ಟರ ಮಟ್ಟಿಗೆ ವ್ಯಾಪಾರ ಎಂಬುದನ್ನು ಬಡಗಿಯೇ ತೀರ್ಮಾನಿಸಬೇಕು.

ಊರು ಬದಲಾದರೆ

ಮೈಸೂರಿನಲ್ಲಿ ನಗಿಸಿದ ಸಾಲು ಹುಬ್ಬಳ್ಳಿಯಲ್ಲಿ ಸುಮ್ಮನಿರಬಹುದು. ಹಳೆ ಮೈಸೂರಿನ ಕಡೆ ‘ಕೂರು’ ಎನ್ನುವಲ್ಲಿ ಉತ್ತರ ಕರ್ನಾಟಕದಲ್ಲಿ ‘ಕುಂದ್ರು’ ಎನ್ನುತ್ತಾರೆ. ಆದ್ದರಿಂದ ‘ಕೂರು’ ಎಂಬುದರ ಸುತ್ತ ಕಟ್ಟಿದ ಆಟ ಅಲ್ಲಿ ಕುಂಟುತ್ತದೆ. ಅಲ್ಲಿಗೆ ‘ಕುಂದಿಲ್ಲದ ಸೀಟಿನ ಮೇಲೆ ಕುಂದ್ರು’ ಎಂಬ ಬೇರೆಯದೇ ಸಾಲು ಹುಟ್ಟುತ್ತದೆ. ‘ಕೂರು’ ಮಾತ್ರ ತನ್ನ ನೆಲದಲ್ಲಿ ಭಾರಿ ಶ್ರೀಮಂತ. ಹಳಗನ್ನಡದಲ್ಲಿ ಇದಕ್ಕೆ ಹರಿತ ಎಂಬ ಅರ್ಥ, ‘ಕೂರಲಗು’ ಓದಿದವರಿಗೆ ನೆನಪಿರುತ್ತದೆ. ಪ್ರೀತಿಸು ಎಂಬ ಅರ್ಥವೂ ಇದ್ದು ‘ಕೂರ್ಮೆ’ ಎಂದರೆ ಅಕ್ಕರೆ. ಮೂಗು ಚೂಪಾದ ಸೀಟಿನ ಮೇಲೆ ಕೂರುವುದರಲ್ಲಿ ಈ ಮೂರೂ ಸೇರಬಹುದಾದರೂ ಫಲಕದ ಮುಂದೆ ನಿಂತವರಲ್ಲಿ ಎಷ್ಟು ಜನ ಹಳಗನ್ನಡದ ವೈಯಾಕರಣ ಕೇಶಿರಾಜನನ್ನು ಓದಿಕೊಂಡು ಬಂದಿರುತ್ತಾರೆ? ಅದಕ್ಕಿಂತ ‘ಕೂರ್ಮಾಸನ’ ಸುಲಭ. ಯೋಗದಿಂದ ಎಲ್ಲರಿಗೂ ಪರಿಚಿತ, ಆಮೆಯ ಬೆನ್ನಿನ ಹಾಗೆ ಉಬ್ಬಿದ ಗಟ್ಟಿ ಸೀಟಿಗೆ ಆಕಾರದಲ್ಲೂ ಹೊಂದುತ್ತದೆ, ಕೂರುವ ಸದ್ದೂ ಒಳಗಿದೆ.

ಉಚ್ಚಾರದ ವ್ಯತ್ಯಾಸ ಕೆಲವೊಮ್ಮೆ ಲಾಭ ತರುತ್ತದೆ. ಉತ್ತರದ ಮಾತಿನಲ್ಲಿ ಪದದ ಕೊನೆಯ ‘ಎ’ಕಾರ ‘ಇ’ಕಾರವಾಗುತ್ತದೆ: ಮನೆ ಮನಿಯಾಗುತ್ತದೆ, ಮಣೆ ಮಣಿಯಾಗುತ್ತದೆ, ಆನೆ ಆನಿಯಾಗುತ್ತದೆ. ಆಗ ‘ಮಣಿ ಮಣಿಯೂದಿಲ್ಲ’ ಎಂದರೆ ಮೂಲಕ್ಕಿಂತ ಬಿಗಿಯಾದ ಸಾಲು. ಇದಕ್ಕಿಂತ ಸೊಗಸಾದದ್ದು ಸಾಗುವಾನಿ. ತೇಗಕ್ಕೆ ಇರುವ ಈ ಹೆಸರನ್ನು ಧಾರವಾಡದ ಕಿವಿಯಿಂದ ಒಡೆದರೆ ‘ಸಾಗುವ ಆನಿ’. ಲೋಪಸಂಧಿ ಒಂದಿನಿತೂ ತಪ್ಪಿಲ್ಲ. ಇಪ್ಪತ್ತು ಕಿಲೋ ಆಸುಪಾಸು ತೂಗುವ ಹಳೆಯ ಕರಿ ಸೈಕಲ್ಲಿಗೆ ತೇಗದ ಸೀಟು ಹಾಕಿ ‘ಸಾಗುವಾನಿ’ ಎಂದು ಹೆಸರಿಟ್ಟರೆ ಬಣ್ಣ, ತೂಕ, ನಡಿಗೆ ಮೂರರಲ್ಲೂ ಹೊಂದಿಕೆ. ಹಗುರ ಅಲ್ಯೂಮಿನಿಯಂ ಸೈಕಲ್ಲಿಗೆ ಅದೇ ಹೆಸರು ಸುಳ್ಳಾಗುತ್ತದೆ.

ಸಾಮಾನ್ಯ ತಪ್ಪುಗಳು

ಇಂಗ್ಲಿಷಿನ ಶ್ಲೇಷೆಯನ್ನು ಕನ್ನಡದ ಅಕ್ಷರದಲ್ಲಿ ಬರೆದರೆ ಅದು ಕನ್ನಡದ ಶ್ಲೇಷೆಯಾಗುವುದಿಲ್ಲ. ಇಂಗ್ಲಿಷಿನವರು ‘ವುಡ್’ ಎಂಬ ಸದ್ದಿನ ಮೇಲೆ ಎಷ್ಟು ಸವಾರಿ ಮಾಡಿದ್ದಾರೆಂದರೆ ಆ ಪದದ ಮೆರುಗೆಲ್ಲ ಹೋಗಿದೆ. ಅದನ್ನು ಇಲ್ಲಿಗೆ ತಂದರೆ ಓದುಗ ಒಮ್ಮೆ ಇಂಗ್ಲಿಷಿಗೆ ಹೋಗಿ, ಅಲ್ಲಿ ನಗಬೇಕೋ ಬೇಡವೋ ತೀರ್ಮಾನಿಸಿ, ಮರಳಿ ಬರಬೇಕು. ಅಷ್ಟರಲ್ಲಿ ನಗು ಆರಿರುತ್ತದೆ. ‘ಸೀಟು’ ಹಾಗಲ್ಲ. ಅದು ಬಸ್ಸಿನಲ್ಲಿ, ಕಾಲೇಜಿನಲ್ಲಿ, ವಿಧಾನಸೌಧದಲ್ಲಿ ಕನ್ನಡದ್ದೇ ಆಗಿಹೋಗಿದೆ.

ಆಶ್ಚರ್ಯಸೂಚಕ ಚಿಹ್ನೆ ಮೂರು ಹಾಕಿ, ಶ್ಲೇಷೆಯ ಪದವನ್ನು ಬೇರೆ ಬಣ್ಣದಲ್ಲಿ ಅಚ್ಚು ಮಾಡುವುದು ಇನ್ನೊಂದು ತಪ್ಪು. ಬಡಗಿ ಗೋಂದು ಹಚ್ಚಿದ ಮೇಲೆ ಅಂಚಿಗೆ ಉಕ್ಕಿದ್ದನ್ನು ಒರೆಸುತ್ತಾನೆ. ಬರೆಯುವವನೂ ಒರೆಸಬೇಕು.

ಈಗಾಗಲೇ ಸವೆದ ಪದವನ್ನು ಮತ್ತೆ ಉಜ್ಜುವುದೂ ಉಂಟು. ‘ಸೀಟಿಗಾಗಿ ಜಗಳ’ ಎಂಬುದನ್ನು ಪ್ರತಿ ಚುನಾವಣೆಯಲ್ಲಿ ವ್ಯಂಗ್ಯಚಿತ್ರಕಾರರು ಬಳಸುತ್ತಾರೆ. ಸೈಕಲ್ಲಿನವನಿಗೆ ಉಳಿದಿರುವುದು ‘ಗಟ್ಟಿ’ ಎಂಬ ಭಾಗ ಮಾತ್ರ. ರಾಜಕಾರಣಿಯ ಸೀಟು ಎಷ್ಟೇ ಗಟ್ಟಿ ಎಂದರೂ ಅದಕ್ಕೆ ಮೆತ್ತೆ ಇರುತ್ತದೆ.

ಎಚ್ಚರಿಕೆ

ಸೀಟಿನ ವಿಷಯ ಎಂದ ಕೂಡಲೇ ನಗೆ ದೇಹದ ಒಂದು ಭಾಗದ ಕಡೆಗೆ ಜಾರುತ್ತದೆ. ಅಲ್ಲಿ ಸಿಗುವ ಗ್ರಾಮ್ಯ ಪದಗಳಿಗೆ ಬರವಿಲ್ಲ, ಗೆಳೆಯರ ಗುಂಪಿನಲ್ಲಿ ಅವು ಓಡುತ್ತವೆ ಕೂಡ. ಆದರೆ ಮಕ್ಕಳೂ ಅಜ್ಜಿಯರೂ ಬರುವ ಪ್ರದರ್ಶನದ ಫಲಕದಲ್ಲಿ ಆ ಪದ ಬರೆದರೆ ಶ್ಲೇಷೆಯ ಎರಡನೆಯ ಅರ್ಥಕ್ಕೆ ಕೆಲಸವೇ ಉಳಿಯುವುದಿಲ್ಲ. ಸೂಚಿಸಿ ಬಿಟ್ಟರೆ ಓದುಗ ಉಳಿದ ದೂರವನ್ನು ತಾನೇ ಪೆಡಲ್ ತುಳಿಯುತ್ತಾನೆ.

‘ಮೊಳೆ’ ಎಂಬ ಪದದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಬ್ಬಿಣದ ಮೊಳೆ, ಬೀಜದ ಮೊಳಕೆ, ಮೂಲವ್ಯಾಧಿ ಮೂರೂ ಅದರಲ್ಲಿವೆ. ಮರದ ಸೀಟಿಗೆ ಇದಕ್ಕಿಂತ ಒಪ್ಪುವ ಪದ ಸಿಗದೆಂದು ಅನ್ನಿಸುವುದು ಸಹಜ. ನೋವಿನಲ್ಲಿರುವವರು ಓದುವ ಕಡೆ ಇದನ್ನು ಬಿಡುವುದೇ ಮೇಲು. ಜತೆಗೆ ಸೀಟು ಆ ಕಾಯಿಲೆಗೆ ಕಾರಣ ಎಂಬ ಸುಳ್ಳೂ ಸಾಲಿನೊಳಗೆ ನುಸುಳುತ್ತದೆ. ಬಡಗಿಯ ದೃಷ್ಟಿಯಿಂದಲೂ ಸೀಟಿನ ಮೇಲ್ಭಾಗದಲ್ಲಿ ಮೊಳೆ ಬೇಡವೇ ಬೇಡ; ಮರ ಒಣಗಿ ಕುಗ್ಗಿದಾಗ ತಲೆ ಮೇಲೆದ್ದು ಬಟ್ಟೆ ಹರಿಯುತ್ತದೆ. ಕಂಬಿಗಳನ್ನು ಅಡಿಯಿಂದ ಸ್ಕ್ರೂ ಹಾಕಿ ಕೂರಿಸಬೇಕು.

‘ಹ’ಕಾರ ನುಡಿಯದವರನ್ನು ಅಣಕಿಸಿ ‘ಹಲಸು, ಅಲಸು’ ಎಂಬ ಆಟ ಆಡುವುದುಂಟು. ಅಲ್ಲಿ ನಗೆ ಸೀಟಿನ ಮೇಲಿರುವುದಿಲ್ಲ, ಒಬ್ಬ ಮನುಷ್ಯನ ನಾಲಿಗೆಯ ಮೇಲಿರುತ್ತದೆ.

ಸಾಲಿ‌ಗಾಗಿ ಸೀಟನ್ನು ಕೆಡಿಸಬಾರದು ಎಂಬುದೂ ನೆನಪಿರಲಿ. ತೇಗ ಮತ್ತು ಅರಗಿನ ಸಾಲು ಎಷ್ಟೇ ಚೆನ್ನಾಗಿದ್ದರೂ ಅರಗಿನ ಪಾಲಿಶ್ ಮಳೆ ಬೆವರುಗಳಿಗೆ ಬಿಳಿಚಿಕೊಳ್ಳುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ಚನ್ನಪಟ್ಟಣದ ಗೊಂಬೆಗಳ ಮೇಲೆ ಅರಗು ಸೊಗಸು, ಅವು ಮನೆಯೊಳಗಿನವು. ದಿನವೂ ಓಡಿಸುವ ಸೈಕಲ್ಲಿನ ಸೀಟಿಗೆ ಒಣಗುವ ಜಾತಿಯ ಎಣ್ಣೆ, ಉದಾಹರಣೆಗೆ ಅಗಸೆ ಎಣ್ಣೆ, ತೆಳುವಾಗಿ ಹಲವು ಸಲ ಹಚ್ಚಿ ಒಣಗಿಸುವುದು ಸರಿ. ಒರೆಸಿದ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿಯೇ ಬಿಸಾಡಬೇಕು.

ಸಾಲನ್ನು ಸೀಟಿನ ಮೇಲೇ ಕೆತ್ತುವುದಾದರೆ

ಕೂರುವ ಜಾಗದಲ್ಲಿ ಅಕ್ಷರ ಕೆತ್ತಬಾರದು. ಅಕ್ಷರದ ಅಂಚು ಒಂದು ಮಿಲಿಮೀಟರ್ ಇದ್ದರೂ ಗಂಟೆಗಟ್ಟಲೆ ಕೂತಾಗ ಚರ್ಮಕ್ಕೆ ಗೊತ್ತಾಗುತ್ತದೆ. ಗುಳಿಯೊಳಗೆ ಬೆವರು ಧೂಳು ನಿಂತು ಮರವೂ ಕರ್ರಗಾಗುತ್ತದೆ. ಒಪ್ಪುವ ಜಾಗ ಹಿಂಬದಿಯ ಅಂಚು, ಹಿಂದೆ ಬರುವ ಸವಾರನ ಕಣ್ಣಿಗೆ ನೇರವಾಗಿ ಬೀಳುವಲ್ಲಿ.

ಕನ್ನಡದ ಅಕ್ಷರ ದುಂಡಗಿರುವುದರಿಂದ ಕೆತ್ತನೆಗೆ ಕೊಂಚ ತಾಳ್ಮೆ ಬೇಕು. ಗೆರೆ ನೇರವಾಗಿದ್ದರೆ ಎಳೆಯ ಉದ್ದಕ್ಕೋ ಅಡ್ಡಕ್ಕೋ ಒಮ್ಮೆ ಉಳಿ ಹಾಯಿಸಿದರಾಯಿತು. ದುಂಡನೆಯ ಅಕ್ಷರದಲ್ಲಿ ಒಂದೇ ಸುತ್ತಿನೊಳಗೆ ಉಳಿ ಎಳೆಯ ಜತೆಗೂ ಎಳೆಗೆ ಎದುರಾಗಿಯೂ ಹೋಗಬೇಕಾಗುತ್ತದೆ. ಎದುರಾದಲ್ಲಿ ಸಿಬಿರು ಏಳುತ್ತದೆ, ಆದ್ದರಿಂದ ಪ್ರತಿ ಸುತ್ತನ್ನೂ ಎರಡು ತುಂಡಾಗಿ, ಎರಡು ಕಡೆಯಿಂದ ಕೆತ್ತಬೇಕು. ಒತ್ತಕ್ಷರ ಬಂದರೆ ಕೆಲಸ ಇಮ್ಮಡಿ. ಕಾಯಿಸಿದ ಮೊನೆಯಿಂದ ಸುಟ್ಟು ಬರೆಯುವುದು ಇದಕ್ಕಿಂತ ಸುಲಭ. ತೇಗದಂಥ ಎಣ್ಣೆಮರದಲ್ಲಿ ಹೊಗೆ ಹೆಚ್ಚಾದ್ದರಿಂದ ಗಾಳಿಯಾಡುವ ಕಡೆ ಕೂರಬೇಕು, ಮೊದಲು ಚೂರುಮರದ ಮೇಲೆ ಕೈ ಪಳಗಿಸಬೇಕು.

ಹದಿನೈದು ಸೆಂಟಿಮೀಟರ್ ಅಗಲದ ಅಂಚಿನಲ್ಲಿ ದೂರದಿಂದ ಓದಬಹುದಾದ ಅಕ್ಷರ ಆರೇಳು ಹಿಡಿಸುತ್ತವೆ. ‘ಮಣೆ ಮಣಿಯದು’ ಆರು ಅಕ್ಷರ. ‘ಕೂರ್ಮಾಸನ’ ನಾಲ್ಕೇ ಆದರೂ ಅರ್ಕಾವತ್ತಿನ ಕೊಂಡಿ ಬಡಗಿಯ ತಾಳ್ಮೆ ಪರೀಕ್ಷಿಸುತ್ತದೆ. ‘ಸಾಗುವಾನಿ’ಗೂ ನಾಲ್ಕು ಅಕ್ಷರ ಸಾಕು, ಒತ್ತು ಒಂದೂ ಇಲ್ಲ.